ಮೂರು ಸಂಜೆ, ಮೂರು ಪೆನ್ನು

ಆ ತಾಂತ್ರಿಕ ಕಾಲೇಜಿನಲ್ಲಿ ಮೂರನೆಯ ವರ್ಷದವರಿಗೆ ವಾರಕ್ಕೆ ಮೂವತ್ತಾರು ಪಿರಿಯಡ್ಡುಗಳು. ಅವುಗಳಲ್ಲಿ ಮೂವತ್ತನಾಲ್ಕು ಯಂತ್ರಗಳಿಗೆ, ಎರಡು ಮನುಷ್ಯರಿಗೆ. ಆ ಎರಡನ್ನು ತೆಗೆದುಕೊಳ್ಳುತ್ತಿದ್ದವಳು ಅದೇ ಊರಿನ ಒಂದು ಮನೆಯ ಸೊಸೆ. ವೇಳಾಪಟ್ಟಿಯಲ್ಲಿ ಅವುಗಳಿಗೆ ‘ಮಾನವಿಕ ವಿಷಯಗಳು’ ಎಂಬ ಹೆಸರಿತ್ತು. ವಿದ್ಯಾರ್ಥಿಗಳು ‘ನಿದ್ದೆ ಪಿರಿಯಡ್ಡು’ ಎನ್ನುತ್ತಿದ್ದರು. ಎರಡೂ ಮಧ್ಯಾಹ್ನದ ಊಟವಾದ ಮೇಲೆಯೇ ಬೀಳುತ್ತಿದ್ದುದರಿಂದ ಹೆಸರು ಸುಳ್ಳಾಗುತ್ತಿರಲಿಲ್ಲ.

ಈ ವರ್ಷ ಆ ಎರಡನ್ನೂ ಕಿತ್ತುಹಾಕುವ ಮಾತು ಹುಟ್ಟಿತ್ತು. ತಿಂಗಳ ಕೊನೆಯ ಶನಿವಾರ ಸಮಿತಿ ಸೇರುವುದಿತ್ತು. ಅದರಲ್ಲಿ ಪ್ರಾಂಶುಪಾಲರು, ಇಬ್ಬರು ಪ್ರಾಧ್ಯಾಪಕರು, ಊರಿನ ಕಾರ್ಖಾನೆಗಳ ಸಂಘದ ಅಧ್ಯಕ್ಷರು. ನಾಲ್ಕು ಜನ ಕೈಯೆತ್ತಿದರೆ ಹದಿನೇಳು ವರ್ಷದ ಪಾಠ ಮುಗಿಯುತ್ತಿತ್ತು.

ಆಕೆಯ ಬಳಿ ತೋರಿಸಲು ಇದ್ದದ್ದು ಒಂದೇ: ವರ್ಷಕ್ಕೊಮ್ಮೆ ಕೊಡುತ್ತಿದ್ದ ಕೆಲಸ. ಪ್ರತಿಯೊಬ್ಬ ವಿದ್ಯಾರ್ಥಿಯೂ ಐವತ್ತು ದಾಟಿದ ಒಬ್ಬ ಕೆಲಸಗಾರನ ಮುಂದೆ ಮೂರು ಸಂಜೆ, ದಿನಕ್ಕೊಂದು ಗಂಟೆ ಕೂರಬೇಕು. ಕೇಳಬೇಕು, ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯಬೇಕು. ಗಡಿಬಿಡಿಯಲ್ಲಿ ಗೀಚಿಕೊಂಡ ಕಚ್ಚಾ ಹಾಳೆಗಳನ್ನೂ ಲಗತ್ತಿಸಬೇಕು. ಕಚೇರಿಯವರು ಹೆಸರು ತೆಗೆದು ಗುಪ್ತ ಸಂಖ್ಯೆ ಹಾಕುತ್ತಿದ್ದರು. ಆಕೆಯ ಸ್ವಂತ ಮಗ ಅದೇ ತರಗತಿಯಲ್ಲಿದ್ದುದರಿಂದ ಈ ಸಲ ಆ ನಿಯಮವನ್ನು ಆಕೆಯೇ ಒತ್ತಾಯಿಸಿ ಬಿಗಿ ಮಾಡಿಸಿದ್ದಳು.

ಮನೆ ಮೂರನೆಯ ಮಹಡಿಯಲ್ಲಿ, ಮೂರು ಕೋಣೆಗಳದ್ದು. ಗಂಡ ಲಿಫ್ಟ್ ರಿಪೇರಿಯವನು. ಎಷ್ಟು ಸೋಪು ಹಾಕಿದರೂ ಅವನ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ. ಮಾವ ಮೂವತ್ತೊಂದು ವರ್ಷ ಡಬ್ಬಿಯ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಪ್ರೆಸ್ ನಡೆಸಿದವರು. ಅವರ ಬಲಗೈಯಲ್ಲಿ ಕೊನೆಯ ಎರಡು ಬೆರಳುಗಳಿರಲಿಲ್ಲ. ಅದು ಆ ಊರಿನಲ್ಲಿ ಹೇಳಿಕೊಳ್ಳುವಂಥ ಸಂಗತಿಯಲ್ಲ. ಬೀದಿಗೆರಡು ಪ್ರೆಸ್ ಶೆಡ್ಡುಗಳಿದ್ದವು. ಬಸ್ಸಿನಲ್ಲಿ ಕಂಬಿ ಹಿಡಿದ ಹತ್ತು ಕೈಗಳನ್ನು ಎಣಿಸಿದರೆ ಒಂದರಲ್ಲಾದರೂ ಬೆರಳು ಕಡಿಮೆ ಬೀಳುತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಈ ಮನೆಗೆ ಬಂದ ಸೊಸೆಯೂ ನೋಡಲಿಲ್ಲ, ಕೇಳಲಿಲ್ಲ.

ಆಕೆಗೆ ಮಾವನ ಮೇಲಿದ್ದ ಬೇಸರ ಬೇರೆಯದು. ಆಕೆ ಹಬೆಯಾಡುವ ಅನ್ನ, ತೊವ್ವೆ, ಪಲ್ಯ ಬಡಿಸಿದರೆ ಅವರು ಕೈ ಕಟ್ಟಿ ಕುಳಿತುಬಿಡುತ್ತಿದ್ದರು. ಹತ್ತು ನಿಮಿಷ, ಹದಿನೈದು ನಿಮಿಷ. ತೊವ್ವೆಯ ಮೇಲೆ ಕೆನೆಯಂಥ ಪೊರೆ ಕಟ್ಟಿ ಸುಕ್ಕಾದ ಮೇಲೆ, ಅನ್ನ ಗಂಟುಗಂಟಾದ ಮೇಲೆ, ಮೂರು ಬೆರಳುಗಳಲ್ಲಿ ಕಲಸಿ ನುಂಗುತ್ತಿದ್ದರು. ಆಕೆ ನೋಡಲಾರದೆ ಮುಖ ತಿರುಗಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ಬಳಿ ಅತ್ತದ್ದೂ ಉಂಟು.

“ನನ್ನ ಅಡುಗೆ ಬಾಯಿಗಿಡೋ ಹಾಗಿಲ್ಲ ಅಂತ ತೋರಿಸ್ತಾರೆ ರೀ.”

“ಅವರು ಮೊದಲಿಂದ ಹಾಗೇ. ಬಿಡು.”

ಬಿಟ್ಟಿದ್ದಳು. ಬಿಟ್ಟದ್ದನ್ನು ಮರೆತಿರಲಿಲ್ಲ.

ತಿಂಗಳ ಮೊದಲ ವಾರ ಆಕೆ ನೂರ ಹದಿನಾಲ್ಕು ಬರಹಗಳನ್ನು ಓದಿದಳು. ಮೂವತ್ತೊಂದರಲ್ಲಿ ಬೆರಳು ಕಳೆದುಕೊಂಡವರ ಕಥೆಯೇ. ಎಪ್ಪತ್ತೊಂದನೆಯ ಸಂಖ್ಯೆಯದನ್ನು ಓದುವಾಗ ಕನ್ನಡಕ ತೆಗೆದು ಒರೆಸಿಕೊಂಡಳು. ನಲವತ್ತೆಂಟು ಅಂಕ ಕೊಟ್ಟಳು. ಐವತ್ತಕ್ಕೆ ಅಷ್ಟನ್ನು ಆಕೆ ಹದಿನೇಳು ವರ್ಷದಲ್ಲಿ ಯಾರಿಗೂ ಕೊಟ್ಟಿರಲಿಲ್ಲ.

ಆ ಸಂಜೆ ಏಳೂವರೆಗೆ ಊಟಕ್ಕೆ ಕುಳಿತಾಗ ಆಕೆಗೆ ಹೇಳದೆ ಇರಲಾಗಲಿಲ್ಲ.

“ಇವತ್ತು ಒಂದು ಬರಹ ಓದಿದೆ. ಮುಚ್ಚಳದ ಪ್ರೆಸ್ಸಿನವರೊಬ್ಬರದ್ದು. ಪಕ್ಕದವನ ಕೈ ಪ್ರೆಸ್ಸಿನೊಳಗೆ ಸಿಕ್ಕಿಕೊಳ್ಳೋದರಲ್ಲಿತ್ತಂತೆ. ಇವರು ತಮ್ಮ ಕೈ ಹಾಕಿ ಎಳೆದರಂತೆ. ಅವನ ಕೈ ಉಳೀತು, ಇವರ ಬೆರಳು ಹೋಯ್ತು.”

“ಯಾವ ಪ್ರೆಸ್ಸು?” ಎಂದರು ಮಾವ. ಅವರ ತಟ್ಟೆಯಲ್ಲಿ ತೊವ್ವೆ ಇನ್ನೂ ಹಬೆಯಾಡುತ್ತಿತ್ತು.

“ನೀವು ನಡೆಸ್ತಿದ್ದಂಥದ್ದೇ.”

“ಅದು ಬೀಳೋಕೆ ಅರ್ಧ ಸೆಕೆಂಡು. ಪಕ್ಕದ ಪ್ರೆಸ್ಸು ಐದು ಅಡಿ ದೂರ. ಅರ್ಧ ಸೆಕೆಂಡಿಗೆ ಐದು ಅಡಿ ಹಾರಿ ಕೈ ಎಳೆಯೋ ಮನುಷ್ಯನನ್ನ ನಾನು ನೋಡಿಲ್ಲಮ್ಮ.”

“ಎಲ್ಲದಕ್ಕೂ ಲೆಕ್ಕ ಹಾಕಿದ್ರೆ ಹೇಗೆ ಮಾವ? ಮನುಷ್ಯತ್ವಕ್ಕೂ ಅಳತೆಪಟ್ಟಿ ಹಿಡೀಬೇಕಾ?”

“ನಾನೇನು ಓದಿದವನಲ್ಲ,” ಎಂದು ಅವರು ತಟ್ಟೆ ನೋಡುತ್ತ ಕುಳಿತರು.

ಗಂಡ ನಕ್ಕ. “ನಮ್ಮ ಲಿಫ್ಟಿನವರಿಗೂ ಒಂದು ಬರೀರಿ ಅಂತ ಹೇಳು. ಹದಿನಾರನೇ ಮಹಡಿಯಲ್ಲಿ ನೇತಾಡ್ಕೊಂಡಿರೋ ಮನುಷ್ಯತ್ವ.”

ಮಗ ನಗಲಿಲ್ಲ. ತಲೆ ಬಗ್ಗಿಸಿ ಬೇಗ ಬೇಗ ತಿಂದು ಎದ್ದ. ಕಾಲೇಜಿನಲ್ಲಿ ಅವನ ಗುಂಪು ಒಂದು ಪ್ರೆಸ್ಸಿನ ಮಾದರಿ ಮಾಡುತ್ತಿತ್ತು. ಅದರ ಚಿತ್ರ ಬಾಕಿ ಇದೆ ಎಂದ.

ಕೊನೆಯ ವಾರದ ಸೋಮವಾರ ಪ್ರಾಂಶುಪಾಲರು ಆಕೆಯನ್ನು ಕರೆಸಿ ಕುರ್ಚಿ ತೋರಿಸಿದರು. ಎಪ್ಪತ್ತೊಂದನೆಯ ಬರಹವನ್ನು ಅವರು ಸಂಘದ ಅಧ್ಯಕ್ಷರಿಗೆ ಕಳಿಸಿದ್ದರು. ಅಧ್ಯಕ್ಷರು ಓದಿ ಕರಗಿಹೋಗಿದ್ದರು. ಬರಹದ ಕೊನೆಯಲ್ಲಿ ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ಕುಳಿತು ಅಳುವ ಭಾಗವೊಂದಿತ್ತು. ‘ಯಂತ್ರ ನನ್ನ ಬೆರಳು ತೆಗೆದುಕೊಂಡಿತು, ಗೆಳೆಯನನ್ನು ಹಿಂದಿರುಗಿಸಿತು’ ಎಂಬ ವಾಕ್ಯವನ್ನು ಅವರು ತಮ್ಮ ಕಚೇರಿಯ ಗೋಡೆಗೆ ಬರೆಸುವವರಿದ್ದರು.

“ಇಂಥ ಮೌಲ್ಯ ಕಲಿಸೋದಾದ್ರೆ ಎರಡು ಪಿರಿಯಡ್ ಇರಲಿ ಅಂದ್ರು ಮೇಡಂ. ನಿಮ್ಮ ಪಾಠ ಉಳೀತು ಅಂತ್ಲೇ ಇಟ್ಕೊಳ್ಳಿ. ಶನಿವಾರ ಸಮಿತಿ ಸೇರೋ ದಿನವೇ ವಸ್ತುಪ್ರದರ್ಶನ. ಆ ಕೆಲಸಗಾರರನ್ನೂ ಕರೆಸೋಣ, ಒಂದು ಹೂಗುಚ್ಛ ಕೊಡೋಣ. ಕಾಲೇಜಿನ ಕೈಪಿಡಿಗೆ ಅಚ್ಚಿನ ಕರಡು ಬಂದಿದೆ, ತಿದ್ದಿಕೊಡಿ.”

ಆಕೆ ಕರಡನ್ನೂ ಕಚ್ಚಾ ಹಾಳೆಗಳನ್ನೂ ಮನೆಗೆ ತಂದಳು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಳು. ಎದುರಿಗೆ ಮಾವ ಚಹಾ ಕುಡಿಯುತ್ತಿದ್ದರು, ಅದೂ ಆರಿದ್ದನ್ನೇ. ಅವರ ಪಿಂಗಾಣಿ ಲೋಟದ ಅಡಿಯಂಚು ಎಂದೋ ಒಡೆದಿತ್ತು. ಅದನ್ನು ಎಲ್ಲಿಟ್ಟರೂ ಅರ್ಧ ಬೆರಳಿನಷ್ಟು ಬಿಟ್ಟುಹೋದ ವೃತ್ತವೊಂದು ಮೂಡುತ್ತಿತ್ತು. ಆಕೆ ಅದನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು. ಈಗಲೂ ಒರೆಸಲು ಬಟ್ಟೆ ಎತ್ತಿದಳು. ಕೈ ಅಲ್ಲೇ ನಿಂತಿತು. ಎರಡನೆಯ ಸಂಜೆಯ ಕಚ್ಚಾ ಹಾಳೆಯ ಮೂಲೆಯಲ್ಲಿ ಚಹಾದ ಕಲೆಯಿತ್ತು. ಅರ್ಧ ಬೆರಳಿನಷ್ಟು ಬಿಟ್ಟುಹೋದ ವೃತ್ತ.

ಮೊದಲು ಆಕೆಗೆ ಸಂತೋಷವೇ ಆಯಿತು. ಮಗ ತಾತನ ಮುಂದೆ ಮೂರು ಸಂಜೆ ಕುಳಿತಿದ್ದಾನೆ. ತಾನು ಮನೆಯಲ್ಲಿದ್ದೂ ಗಮನಿಸಿಲ್ಲ.

“ಮಾವ, ಎಲ್ಲಾ ಹೇಳಿದ್ದೀರಿ, ನನಗೆ ಮಾತ್ರ ಒಂದು ಸುಳಿವೂ ಕೊಡ್ಲಿಲ್ಲ.”

“ಏನು ಹೇಳಿದೆ?”

“ಇವನ ಹತ್ರ. ಕಾರ್ಖಾನೆ ವಿಷಯ.”

“ಇಂಜಿನಿಯರ್ ಸಾಹೇಬರು ನನ್ನ ಹತ್ರ ಯಾಕಮ್ಮ ಕೂರ್ತಾರೆ? ಮೊನ್ನೆ ರಿಮೋಟ್ ಎಲ್ಲಿ ಅಂತ ಕೇಳಿದ. ಅದೇ ಕೊನೆ.”

ಆಕೆ ಕರಡನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಗೆಳೆಯನ ಕೈ, ಹಾರಿದ್ದು, ಎಳೆದದ್ದು, ಯಂತ್ರವೆಂದರೆ ತಾಯಿ ಎಂದದ್ದು. ಮಾವ ಕಿಟಕಿಯ ಕಡೆ ನೋಡುತ್ತ ಕೇಳಿದರು. ಹಣ್ಣಿನ ಬುಟ್ಟಿ ಬಂದಾಗ “ಸಾಕು” ಎಂದರು. ಎದ್ದು ಹೋಗಿ ಬಚ್ಚಲಲ್ಲಿ ಉಗಿದರು, ನೀರು ತುಂಬಿಕೊಂಡು ಬಾಯಿ ಮುಕ್ಕಳಿಸಿದರು, ಮತ್ತೆ ಉಗಿದರು. ಹಿಂದಿರುಗಿ ಬಂದಾಗ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಅದಕ್ಕೆ ಎರಡು ಬಟನ್ ಇರ್ತಿತ್ತು,” ಎಂದರು. “ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒತ್ತಿ ಹಿಡಿದ್ರೇನೇ ಪ್ರೆಸ್ಸು ಬೀಳೋದು. ಎರಡೂ ಕೈ ಹೊರಗಿರಲಿ ಅಂತ ಮಾಡಿದ್ದು. ನಾವು ಬಲಗಡೆದಕ್ಕೆ ಒಂದು ಮರದ ಚಕ್ಕೆ ಸಿಗಿಸ್ತಿದ್ವಿ. ಆಗ ಒಂದು ಕೈ ಬಿಡುವಾಗುತ್ತೆ, ಅದರಲ್ಲಿ ತಗಡು ಒಳಗೆ ತಳ್ಳಬಹುದು, ಬೇಗ ಆಗುತ್ತೆ. ಚಕ್ಕೆ ಕೆತ್ತೋದರಲ್ಲಿ ನನ್ನ ಕೈ ಚೆನ್ನಾಗಿತ್ತು. ಪಕ್ಕದವನಿಗೂ ಒಂದು ಕೆತ್ತಿಕೊಟ್ಟೆ. ಒಂಬತ್ತನೇ ದಿನ ಅವನ ಕೈ ಮಣಿಕಟ್ಟಿನವರೆಗೆ ಹೋಯ್ತು.”

ಆಕೆ ಕರಡನ್ನು ಮಗುಚಿಟ್ಟಳು.

“ವಿಚಾರಣೆಗೆ ಬಂದವರು ಕೇಳಿದ್ರು, ಚಕ್ಕೆ ಯಾರದ್ದು ಅಂತ. ಅವನೇ ಮಾಡ್ಕೊಂಡಿದ್ದ, ಎಚ್ಚರ ಇಲ್ಲದ ಮನುಷ್ಯ ಅಂದೆ. ಅವನು ಊರು ಬಿಟ್ಟ. ಮೂರು ತಿಂಗಳಿಗೆ ನನ್ನದೂ ಹೋಯ್ತು, ಅಂಥದ್ದೇ ಚಕ್ಕೆಯಿಂದ. ಹಣ್ಣಿನ ಬುಟ್ಟಿ ಹಿಡ್ಕೊಂಡು ಯಾರೂ ಬರ್ಲಿಲ್ಲ.” ಅವರು ಬಲಗೈಯನ್ನು ಮೇಜಿನ ಮೇಲಿಟ್ಟರು. “ಈ ಕೈ ಅವನ ಕೈನ ಕಾಪಾಡ್ತು ಅಂತ ಬರೆದಿದಾನಲ್ಲ. ಅದಕ್ಕೆ ನೀನು ಎಷ್ಟು ಕೊಟ್ಟೆ?”

“ನಲವತ್ತೆಂಟು,” ಎಂದಳು ಸೊಸೆ.

ಮಗ ಬಂದದ್ದು ಆರು ಗಂಟೆಗೆ. ಚೀಲ ಇಳಿಸುವ ಮೊದಲೇ ಮೇಜಿನ ಮೇಲಿನ ಹಾಳೆ ಕಂಡ. ಓಡಿಹೋಗುವವನಲ್ಲ, ಕುರ್ಚಿ ಎಳೆದು ಕುಳಿತ.

“ಯಾರು ಬರೆದದ್ದು?” ಎಂದಳು.

“ಫೋನಿನಲ್ಲಿ ಬರೆಸಿದೆ. ಮೂರು ನಿಮಿಷ ಆಯ್ತು.”

“ಕಚ್ಚಾ ಹಾಳೆ?”

“ಅದು ನಾನೇ. ಮೂರು ಸಂಜೆ ಅಂತ ಕಾಣಲಿ ಅಂತ ಮೂರು ಪೆನ್ನಿನಲ್ಲಿ ಬರೆದೆ. ನಿನಗೆ ನನ್ನ ಅಕ್ಷರ ಗುರುತು ಸಿಗಬಾರದು ಅಂತ ಎಡಗೈಯಲ್ಲಿ ಬರೆದೆ.”

ಆ ಸೊಟ್ಟ ಅಕ್ಷರಗಳ ಪಕ್ಕದಲ್ಲಿ ‘ಮುದುಕರ ಮಾತಿನ ವೇಗವನ್ನು ಹಿಡಿಯಲು ಪಟ್ಟ ಪಾಡು ಎದ್ದು ಕಾಣುತ್ತದೆ’ ಎಂದು ಆಕೆಯೇ ಕೆಂಪು ಶಾಯಿಯಲ್ಲಿ ಬರೆದಿದ್ದಳು. ಈಗ ಅದು ಆಕೆಯ ಕಣ್ಣಿಗೆ ಬಿತ್ತು.

“ಚಹಾದ ಕಲೆ?”

“ನಿಜ ಅನ್ನಿಸಲಿ ಅಂತ ಇಟ್ಟೆ. ತಾತನ ಲೋಟ ಕೈಗೆ ಸಿಕ್ತು.”

“ಇಷ್ಟೆಲ್ಲಾ ಮಾಡೋ ಹೊತ್ತಿಗೆ ಆ ಮೂರು ಸಂಜೆ ಕೂತ್ಕೋಬಹುದಿತ್ತಲ್ಲೋ.”

“ತಾತ ಮಾತಾಡಲ್ಲಮ್ಮ.”

“ಕೇಳಿದ್ಯಾ?”

ಮಗ ಚೀಲ ಕೆಳಗಿಳಿಸಿದ. ಆಮೇಲೆ ತಾಯಿಯನ್ನೇ ನೋಡಿ ಕೇಳಿದ: “ನೀನು ಕೇಳಿದ್ಯಾ? ಒಂದು ದಿನ?”

ಆಕೆ ಹಾಳೆಗಳನ್ನು ಒಟ್ಟುಮಾಡಿದಳು. ಅಂಚುಗಳು ಸಮವಾಗಲಿಲ್ಲ, ಮತ್ತೆ ಕುಟ್ಟಿದಳು.

“ಕಾಲೇಜಲ್ಲಿ ಎಲ್ಲರಿಗೂ ಇಷ್ಟ ಆಗಿದೆ,” ಎಂದ ಮಗ. “ನಿನ್ನ ಪಾಠ ತೆಗೆದುಹಾಕ್ತಿದ್ರು, ನಾನು ಉಳಿಸಿಕೊಟ್ಟೆ. ಯಾರಿಗೆ ನಷ್ಟ ಆಯ್ತು ಹೇಳು.”

ಊಟದ ಹೊತ್ತಿಗೆ ಗಂಡನೂ ಅದೇ ಮಾತಿಗೆ ಬಂದ.

“ತಪ್ಪು ಮಾಡಿದಾನೆ, ಎರಡೇಟು ಹಾಕು. ಆದರೆ ಶನಿವಾರದವರೆಗೆ ಬಾಯಿ ಮುಚ್ಕೊಂಡಿರು. ಲಿಫ್ಟ್ ಕೆಟ್ರೆ ಹತ್ತು ಜನ ಫೋನ್ ಮಾಡ್ತಾರೆ. ನಿನ್ನ ಪಾಠ ಕೆಟ್ರೆ ಯಾರು ಮಾಡ್ತಾರೆ? ಉಳಿದಿದೆಯಲ್ಲ, ಉಳಿಸ್ಕೋ.”

“ಏನು ಉಳಿದಿದೆ ರೀ? ಕಿವಿಗೊಟ್ಟು ಕೇಳಿ ಅಂತ ಹದಿನೇಳು ವರ್ಷ ಕಲಿಸಿದೆ. ಎದುರಿಗೆ ಕೂತಿರೋರ ಕಥೆಯ ಸುಳ್ಳಿಗೆ ನಾನೇ ಕಣ್ಣೀರು ಹಾಕಿದೆ. ಮಾವ ಅವತ್ತೇ ಹೇಳಿದ್ರು, ಅರ್ಧ ಸೆಕೆಂಡು ಅಂತ. ಅವರ ಬಾಯಿ ಮುಚ್ಚಿಸಿದೆ.”

“ಹಾಗಾದ್ರೆ ಹೋಗಿ ಹೇಳು. ನಾಳೆಯಿಂದ ಮನೇಲಿ ಕೂತ್ಕೋ.”

“ಅವಳಿಗೆ ಯಾಕೋ ಬೈತೀಯ?” ಎಂದರು ಮಾವ. ಅವರ ಅನ್ನ ಆರಿ ಗಟ್ಟಿಯಾಗಿತ್ತು. ಆ ರಾತ್ರಿ ಆರಿದ್ದನ್ನೂ ಅವರು ಮುಟ್ಟಲಿಲ್ಲ.

ಮರುದಿನ ಆಕೆ ಅಂಕಪುಸ್ತಕದಲ್ಲಿ ನಲವತ್ತೆಂಟನ್ನು ಹೊಡೆದುಹಾಕಿ ಸೊನ್ನೆ ಬರೆದು, ಪಕ್ಕದಲ್ಲಿ ಸಹಿ ಮಾಡಿ, ಪ್ರಾಂಶುಪಾಲರ ಬಳಿ ಹೋದಳು. ಎಲ್ಲವನ್ನೂ ಹೇಳಿದಳು. ಅವರು ಲೋಹಗಳ ಬಲವನ್ನು ಅಳೆಯುವ ವಿಷಯದಲ್ಲಿ ಹೆಸರು ಮಾಡಿದವರು. ಸಮಾಧಾನದಿಂದ ಕೇಳಿದರು.

“ನಿಮ್ಮ ಮಗನಾ? ನಿಮ್ಮ ಮಾವನಾ? ಇನ್ನೂ ಒಳ್ಳೇದಾಯ್ತು ಮೇಡಂ. ಕುಟುಂಬದ ಫೋಟೋ ಬರುತ್ತೆ.”

“ಸಾರ್, ಅದು ಸುಳ್ಳು.”

“ಸಾಹಿತ್ಯ ಅಂದ್ಮೇಲೆ ಸ್ವಲ್ಪ ಕಲ್ಪನೆ ಇದ್ದೇ ಇರುತ್ತೆ.”

“ಇದು ಸಾಹಿತ್ಯ ಅಲ್ಲ ಸಾರ್, ಸಾಕ್ಷಿ. ನಿಮ್ಮ ಲ್ಯಾಬಿನಲ್ಲಿ ಹುಡುಗ ತಂತಿ ಎಳೆಯದೇ, ಎಷ್ಟು ಭಾರಕ್ಕೆ ತುಂಡಾಯ್ತು ಅಂತ ಬರೆದ್ರೆ ಏನು ಮಾಡ್ತೀರಿ?”

“ಫೇಲ್ ಮಾಡ್ತೀನಿ. ಎರಡು ಮಾತಿಲ್ಲ.”

“ಮತ್ತೆ ಇದು?”

“ಮೇಡಂ,” ಎಂದು ಅವರು ಕರುಣೆಯಿಂದ ನಕ್ಕರು. “ಅದು ಲ್ಯಾಬು. ತಂತಿ ತಪ್ಪಾದ್ರೆ ಜನ ಸಾಯ್ತಾರೆ. ಇದು ನಿಮ್ಮ ಪಿರಿಯಡ್ಡು.”

ಸೊನ್ನೆ ಬೇಕಾದರೆ ಇರಲಿ ಎಂದರು. ನಿಯಮದ ಪ್ರಕಾರ ಮೂರು ವಾರದೊಳಗೆ ಮತ್ತೆ ಬರೆದುಕೊಟ್ಟು ಪಾಸಾಗಬಹುದು. ಆ ಅಂಕಗಳನ್ನು ಯಾರೂ ನೋಡುವುದಿಲ್ಲ. ಕೈಪಿಡಿಯಲ್ಲಿ ಬರಹ ಮಾತ್ರ ಇದ್ದಂತೆಯೇ ಬರುತ್ತದೆ, ಅದಕ್ಕೆ ಫೋಟೋ ಸೇರಿಸುವುದಷ್ಟೇ ಬಾಕಿ. ಮಾವನನ್ನು ಕರೆತರಬೇಕು. ಬಾಗಿಲವರೆಗೆ ಬಂದು, “ಅವರು ಹೆಚ್ಚು ಮಾತಾಡೋದು ಬೇಡ. ತಲೆ ಆಡಿಸಿದ್ರೆ ಸಾಕು,” ಎಂದರು.

ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಕೈ ಕೊಳೆಯಾಗಿರಲಿಲ್ಲ.

ಮನೆಯಲ್ಲಿ ನಾಲ್ಕು ದಿನ ಮಾತು ಲೆಕ್ಕಕ್ಕೆ ತಕ್ಕಷ್ಟೇ ನಡೆಯಿತು. ಬಟ್ಟೆ ಒಗೆಯುವ ಸರದಿ ಮಗನದ್ದು. ಅವನು ತಾಯಿಯ ಬಟ್ಟೆ ಬಿಟ್ಟು ಉಳಿದದ್ದನ್ನು ಒಗೆದ. ಆಕೆ ಅವನ ತಟ್ಟೆಯನ್ನು ಬಡಿಸದೆ ಮೇಜಿನ ಮೇಲಿಟ್ಟಳು. ಗಂಡ ಇಬ್ಬರಿಗೂ ಬೈದು, ಇಬ್ಬರಿಂದಲೂ ಬೈಸಿಕೊಂಡು, ಕೆಲಸವಿಲ್ಲದಿದ್ದರೂ ಉಪಕರಣಗಳ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋದ.

ಶುಕ್ರವಾರ ಸಂಜೆ ಆಕೆ ಮಾವನಿಗೆ ಹೇಳಿದಳು: “ನೀವು ಬರಬೇಕಾಗಿಲ್ಲ. ಹುಷಾರಿಲ್ಲ ಅಂತ ಹೇಳ್ತೀನಿ.”

“ಇನ್ನೊಂದು ಸುಳ್ಳಾ?” ಎಂದರು ಅವರು. “ಬರ್ತೀನಿ. ಇಂಜಿನಿಯರ್ ಸಾಹೇಬರ ಪ್ರೆಸ್ಸೂ ನೋಡಿದ ಹಾಗಾಗುತ್ತೆ.”

ಶನಿವಾರ ಬೆಳಿಗ್ಗೆ ಪಾತ್ರೆ ತೊಳೆಯಲು ಹೋದರೆ ತೊಟ್ಟಿಯಲ್ಲಿ ಮರದ ಸಿಪ್ಪೆಗಳು. ಹಿಡಿ ಮುರಿದು ಮೂಲೆ ಸೇರಿದ್ದ ಮರದ ಸೌಟು ಇನ್ನಷ್ಟು ಗಿಡ್ಡವಾಗಿತ್ತು. ಆಕೆ ಸಿಪ್ಪೆ ಬಳಿದು ಕಸಕ್ಕೆ ಹಾಕಿದಳು. ಏನೂ ಕೇಳಲಿಲ್ಲ. ಈ ಸಲ ಕೇಳದಿದ್ದದ್ದು ಬೇರೆ ಕಾರಣಕ್ಕೆ.

ಪ್ರದರ್ಶನದ ಹಾಲಿನಲ್ಲಿ ಇಪ್ಪತ್ತು ಮೇಜುಗಳು. ಒಂದರ ಮೇಲೆ ಮಗನ ಗುಂಪಿನ ಪ್ರೆಸ್ಸು: ಮೊಣಕಾಲೆತ್ತರದ ಕಬ್ಬಿಣದ ಮಾದರಿ, ರಟ್ಟಿನಿಂದ ದುಂಡು ಮುಚ್ಚಳ ಕತ್ತರಿಸುವಂಥದ್ದು. ಹಿಂದಿನ ಗೋಡೆಯ ಮೇಲೆ ಚೌಕಟ್ಟಿನೊಳಗೆ ಎಪ್ಪತ್ತೊಂದನೆಯ ಬರಹ. ಸಮಿತಿಯ ನಾಲ್ವರೂ ಬಂದರು. ಅಧ್ಯಕ್ಷರು ಕೋಟು ತೊಟ್ಟಿದ್ದರು. ಅವರ ಹತ್ತು ಬೆರಳುಗಳೂ ಇದ್ದವು.

ಮಗ ಬಾಯಿಪಾಠ ಒಪ್ಪಿಸಿದ. “ಎರಡೂ ಕೈ ಗುಂಡಿಗಳ ಮೇಲಿದ್ದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಆದ್ದರಿಂದ ಕೈ ಒಳಗೆ ಸಿಕ್ಕಿಕೊಳ್ಳಲು ಸಾಧ್ಯವೇ ಇಲ್ಲ. ನೂರಕ್ಕೆ ನೂರು ಸುರಕ್ಷಿತ.”

“ನಿಮಿಷಕ್ಕೆ ಎಷ್ಟು?” ಎಂದರು ತಾತ.

“ಏನು ತಾತ?”

“ಮುಚ್ಚಳ.”

ಮಗ ಗೆಳೆಯರ ಮುಖ ನೋಡಿದ. ಅದನ್ನು ಯಾರೂ ಎಣಿಸಿರಲಿಲ್ಲ.

ಮಾವ ಮೇಜಿನ ಹಿಂದೆ ಹೋಗಿ ನಿಂತರು. “ಸ್ವಾಮಿ, ಸ್ವಲ್ಪ ನಿಮ್ಮ ಗಡಿಯಾರ ನೋಡಿ,” ಎಂದು ಅಧ್ಯಕ್ಷರಿಗೆ ಹೇಳಿ, ರಟ್ಟು ಇಡುವುದು, ಎರಡೂ ಗುಂಡಿ ಒತ್ತುವುದು, ತೆಗೆಯುವುದು, ಹೀಗೆ ಒಂದು ನಿಮಿಷ ನಡೆಸಿದರು. ಎಂಟು ಮುಚ್ಚಳ. ಜನ ಚಪ್ಪಾಳೆ ತಟ್ಟಿದರು. ಅವರು ಜೇಬಿನಿಂದ ಚಕ್ಕೆ ತೆಗೆದು ಬಲಗಡೆಯ ಗುಂಡಿಗೆ ಸಿಗಿಸಿದರು. ಅದು ಮಾಡಿಸಿದಂತೆ ಕುಳಿತಿತು. ಎಡಗೈ ಉಳಿದ ಗುಂಡಿಯ ಮೇಲೆ. ಬಲಗೈ ರಟ್ಟು ಹಿಡಿದು ಪ್ರೆಸ್ಸಿನ ಬಾಯೊಳಗೆ ಹೋಗಿ ಬರತೊಡಗಿತು. ಕಬ್ಬಿಣ ಬೀಳುವುದಕ್ಕೂ ಬೆರಳು ಹಿಂದೆ ಸರಿಯುವುದಕ್ಕೂ ನಡುವೆ ಕೂದಲೆಳೆಯಷ್ಟು ಜಾಗ. ಚಪ್ಪಾಳೆ ನಿಂತಿತು. ಮಗ “ತಾತ, ಬೇಡ,” ಎಂದ. ನಿಮಿಷ ತುಂಬುವವರೆಗೆ ಅವರು ನಿಲ್ಲಿಸಲಿಲ್ಲ. ಹನ್ನೆರಡು.

“ನೀನು ಕೊಟ್ಟಿದ್ದು ಎಂಟು,” ಎಂದರು ಮೊಮ್ಮಗನಿಗೆ. “ಕಾರ್ಖಾನೆ ಕೇಳೋದು ಹನ್ನೆರಡು. ಎಂಟು ಗಂಟೆಗೆ ಸಾವಿರದ ಒಂಬೈನೂರ ಇಪ್ಪತ್ತು ಮುಚ್ಚಳ ಕಡಿಮೆ. ಅದು ಬರೋದು ಈ ಚಕ್ಕೆಯಿಂದ.” ಗೋಡೆಯ ಕಡೆ ಮೂರು ಬೆರಳಿನ ಕೈ ತೋರಿಸಿದರು. “ಅದು ಸುಳ್ಳು. ಯಾರ ಕೈನೂ ನಾನು ಎಳೀಲಿಲ್ಲ. ಚಕ್ಕೆ ಕೆತ್ತಿಕೊಟ್ಟವನು ನಾನು.”

ಅಧ್ಯಕ್ಷರು ದೊಡ್ಡದಾಗಿ ನಕ್ಕರು. “ಹಳೇ ಕಾಲದವರು ನೋಡಿ. ತಾವು ಮಾಡಿದ ಉಪಕಾರ ಒಪ್ಪಿಕೊಳ್ಳೋದೇ ಇಲ್ಲ.” ಪ್ರಾಂಶುಪಾಲರೂ ನಕ್ಕರು. ಹೂಗುಚ್ಛ ಮಾವನ ಕೈ ಸೇರಿತು. ಯಾರೋ ಅವರ ಹೆಗಲು ತಿರುಗಿಸಿದರು, ಯಾರೋ ಸೊಸೆಯನ್ನು ಅವರ ಪಕ್ಕಕ್ಕೆ ತಳ್ಳಿದರು. ಫೋಟೋ ತೆಗೆದಾಯಿತು. ಯಾರೂ ಕೀಳದ ಚಕ್ಕೆ ಗುಂಡಿಯಲ್ಲೇ ಇತ್ತು.

ಹನ್ನೊಂದನೆಯ ದಿನ ಕಾಲೇಜಿನಿಂದ ಎರಡು ಕಾಗದ ಬಂದವು. ಒಂದು ಕೈಪಿಡಿ. ಅದರಲ್ಲಿ ಫೋಟೋ, ಅದರ ಕೆಳಗೆ ಎಪ್ಪತ್ತೊಂದನೆಯ ಬರಹ, ಹಣ್ಣಿನ ಬುಟ್ಟಿ ಸಮೇತ, ಒಂದಕ್ಷರ ಬದಲಾಗದೆ. ಇನ್ನೊಂದು ಆಕೆಯ ಹೊಸ ವೇಳಾಪಟ್ಟಿ. ಎರಡು ಪಿರಿಯಡ್ಡುಗಳೂ ಉಳಿದಿದ್ದವು. ಒಂದರ ಹೆಸರು ‘ಮೌಲ್ಯ ಮತ್ತು ಸ್ಫೂರ್ತಿ’, ಇನ್ನೊಂದರದು ‘ಸಂದರ್ಶನಕ್ಕೆ ಸಿದ್ಧತೆ’. ಕೈ ಕುಲುಕುವುದು, ನಗುವುದು, ಕಣ್ಣು ಸೇರಿಸಿ ಮಾತಾಡುವುದನ್ನು ಕಲಿಸಬೇಕು. ಮೂರು ಸಂಜೆಗಳ ಕೆಲಸವನ್ನು ಮುಂದಿನ ವರ್ಷದಿಂದ ಕೈಬಿಡಲಾಗಿದೆ.

ಗಂಡ ಓದಿ, “ಕೆಲಸ ಉಳೀತಲ್ಲ,” ಎಂದ. ಆಕೆ ಅವನ ಮುಖ ನೋಡಿದಳು. ಅವನು ಕಾಗದ ಮಡಚಿ ಮೇಜಿನ ಮೇಲಿಟ್ಟ. “ಥೂ,” ಎಂದ. “ನಗೋದನ್ನೂ ಕಲಿಸ್ತಾರಾ?”

“ಕಲಿಸ್ತೀನಿ,” ಎಂದಳು ಆಕೆ. “ನನ್ನ ಹೆಸರೇ ಹಾಕಿದಾರೆ.”

ಸೊನ್ನೆ ಮಾತ್ರ ಆಕೆಯ ಕೈಯಲ್ಲಿತ್ತು, ಆಕೆ ಅದನ್ನು ಬದಲಿಸಲಿಲ್ಲ. ಪಾಸಾಗಲು ಮಗನಿಗೆ ಉಳಿದದ್ದು ಒಂದು ವಾರ. ಭಾನುವಾರ ಸಂಜೆ ಅವನು ನೋಟು ಪುಸ್ತಕ, ಪೆನ್ಸಿಲು ಹಿಡಿದು ಅಡುಗೆಮನೆಯ ಮೇಜಿಗೆ ಬಂದ. ಫೋನನ್ನು ರೆಕಾರ್ಡಿಗೆ ಹಾಕಿ ಎದುರಿಗಿಟ್ಟ.

“ಅದನ್ನ ಒಳಗಿಡು,” ಎಂದರು ತಾತ. “ಕೈಯಲ್ಲಿ ಬರಿ. ಬಲಗೈಯಲ್ಲಿ.”

ಆಕೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು.

“ಚಕ್ಕೆ ಎಷ್ಟು ದಪ್ಪ ಇತ್ತು ತಾತ?”

“ನಿನ್ನ ಕಿರುಬೆರಳಿನಷ್ಟು.”

“ಯಾವ ಮರ?”

“ಪೆಟ್ಟಿಗೆ ಮರ. ಇವೆಲ್ಲಾ ಬರ್ಕೊಂಡು ಇನ್ನೊಂದು ಚಕ್ಕೆ ಮಾಡ್ತೀಯಾ?”

ಮಗ ಪೆನ್ಸಿಲಿನ ತುದಿ ಕಚ್ಚಿದ. ಒಲೆಯ ಮೇಲೆ ತೊವ್ವೆ ಕುದಿಯುತ್ತಿತ್ತು. “ಎರಡೂ ಬಟನ್ ಒಂದೇ ಕ್ಷಣಕ್ಕೆ ಒತ್ತಬೇಕು ಅಂತ ಮಾಡಿದ್ರೆ ಚಕ್ಕೆ ನಡೆಯಲ್ಲ ತಾತ. ಅದನ್ನ ಸರಿ ಮಾಡಬಹುದು.”

“ಮಾಡು. ಒಂದನ್ನ ಮೊಣಕೈಯಲ್ಲಿ ಒತ್ತುತಾರೆ. ಹನ್ನೆರಡು ಕೇಳೋವರೆಗೂ ಏನಾದ್ರೂ ಒಂದು ಹುಡುಕ್ತಾರೆ.”

ಮಗ ನೋಟು ಪುಸ್ತಕದ ಹಾಳೆ ತಿರುವಿದ. ಆಕೆ ತಿರುಗಲಿಲ್ಲ. ಮುಂದೇನು ಕೇಳಬೇಕೆಂದು ಕಲಿಸಿಕೊಡಬಾರದು ಎಂದು ಸೌಟನ್ನು ಗಟ್ಟಿಯಾಗಿ ಹಿಡಿದಳು.

“ಅವನಿಗೆ ಯಾಕೆ ಕೊಟ್ಟೆ ತಾತ?” ಎಂದ ಮಗ.

ಆಕೆ ಅನ್ನ ಬಡಿಸಿ, ತೊವ್ವೆ ಹಾಕಿ, ತಟ್ಟೆ ಎತ್ತಿಕೊಂಡು ತಿರುಗಿದಳು. ಆಗ ಮಾವ ಮಾತಾಡಿದರು.

“ಲೈನಿನಲ್ಲಿ ಆರು ಪ್ರೆಸ್ಸು. ಆರೂ ಜನರ ಲೆಕ್ಕ ಒಟ್ಟಿಗೆ. ಒಬ್ಬ ಹಿಂದೆ ಬಿದ್ರೆ ಆ ಲೆಕ್ಕ ತುಂಬೋವರೆಗೂ ಆರೂ ಜನ ನಿಲ್ಲಬೇಕು. ಅವನು ಹೊಸಬ. ಹೆದರ್ಕೊಂಡು ಎರಡೂ ಕೈಯಲ್ಲೇ ಒತ್ತುತಿದ್ದ, ಎಂಟರ ಮೇಲೆ ಏರ್ತಿರಲಿಲ್ಲ. ದಿನಾ ಅರ್ಧ ಗಂಟೆ ತಡ.”

“ಅದಕ್ಕೆ?”

“ಮನೆಗೆ ಬರೋ ಹೊತ್ತಿಗೆ ಊಟ ಆರಿರ್ತಿತ್ತು. ನಿಮ್ಮಜ್ಜಿ ಎಷ್ಟು ಸಲ ಬಿಸಿ ಮಾಡ್ತಾಳೆ. ನನಗೆ ಬಿಸಿ ಊಟ ಬೇಕಿತ್ತು.”

ಪೆನ್ಸಿಲು ನಿಂತಿತು. “ಅಷ್ಟೇನಾ ತಾತ?”

“ಅಷ್ಟೇ. ಬರ್ಕೋ.”

ಮಗ ಬರೆದುಕೊಂಡ. ಸೊಸೆ ಹಬೆಯಾಡುವ ತಟ್ಟೆಯನ್ನು ಹಿಡಿದು ಮೇಜಿನವರೆಗೆ ಬಂದಿದ್ದಳು. ಅಲ್ಲಿಂದ ಹಿಂದಕ್ಕೆ ಹೋದಳು. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಗಾಳಿಗಿಟ್ಟು, ಪೊರೆ ಕಟ್ಟುವವರೆಗೆ ಪಕ್ಕದಲ್ಲೇ ನಿಂತಳು.